ಆಡದವರ ಚೌಕಾಬಾರಾ

ಬನಹಟ್ಟಿಯಲ್ಲಿ ಹುಲೆಪ್ಪನ ಮಗ್ಗದ ಶೆಡ್ಡಿನ ಮೇಲೆ ಒಂದು ಕೋಣೆಯಿದೆ. ಎರಡು ಸಾವಿರದ ಹದಿನೈದರಲ್ಲಿ ಆ ಕೋಣೆಯಲ್ಲಿ ಮೂರು ಜನ ಕೂತು ಒಂದು ಆಟ ನಡೆಸುತ್ತಿದ್ದರು. ಆಟ ಹೊಸದೇನಲ್ಲ, ಚೌಕಾಬಾರಾ: ಐದೈದು ಮನೆಯ ಪಟ, ನಾಲ್ಕು ಕವಡೆ, ಸುತ್ತ ನಾಲ್ಕು ಜನ. ಅದನ್ನು ಮೊಬೈಲ್ ಫೋನಿನೊಳಗೆ ಇಳಿಸಿದ್ದಷ್ಟೇ ಹೊಸದು. ಬೀಳಗಿಯಲ್ಲಿ ಕೂತವರು ಮುಧೋಳದಲ್ಲಿ ಕೂತವರ ಕಾಯಿ ಕಡಿಯಬಹುದಿತ್ತು. ಆಟಕ್ಕೆ ‘ಕಟ್ಟಿಮನಿ’ ಎಂದು ಹೆಸರು.

ಆಡುವವರಲ್ಲಿ ಮುಕ್ಕಾಲು ಪಾಲು ಅರವತ್ತು ದಾಟಿದ ಹೆಂಗಸರು. ಹೀಗಾಗುತ್ತದೆಂದು ಆಟ ಮಾಡಿದವರೂ ಎಣಿಸಿರಲಿಲ್ಲ. ಅಣೆಕಟ್ಟಿನ ಹಿನ್ನೀರು ಬಂದಾಗ ನದಿ ದಂಡೆಯ ಎಷ್ಟೋ ಓಣಿಗಳು ಎದ್ದು ಹೋಗಿದ್ದವು. ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಮಧ್ಯಾಹ್ನ ಕಳೆದ ನಾಲ್ವರಿಗೆ ನಾಲ್ಕು ದಿಕ್ಕಿನಲ್ಲಿ ಸರ್ಕಾರದ ಪ್ಲಾಟು ಸಿಕ್ಕಿದ್ದವು. ಮೊಮ್ಮಕ್ಕಳ ಫೋನು ಕೈಗೆ ಬಂದ ಮೇಲೆ ಅವರು ಮತ್ತೆ ಒಂದು ಪಟದ ಸುತ್ತ ಕೂತರು.

ಕೋಣೆಯ ಮೂವರಲ್ಲಿ ಯಜಮಾನ ಕೌಸ್ತುಭ, ಜಮಖಂಡಿಯ ಅರ್ಚಕರ ಮನೆತನದವನು. ಆಟವನ್ನು ಕಂಪ್ಯೂಟರಿನಲ್ಲಿ ಬರೆದವನು ಜ್ಞಾನೇಶ್ವರ, ರಬಕವಿಯ ನೇಕಾರರ ಹುಡುಗ. ಮೂರನೆಯವಳು ಚಿಮ್ಮಡದ ರಾಧಿಕಾ. ಫೋನಿನಲ್ಲಿ ದೂರು ಕೇಳುವುದು ಅವಳ ಕೆಲಸ. ಮೂವರಲ್ಲಿ ಯಾರೂ ಆ ಆಟ ಆಡುತ್ತಿರಲಿಲ್ಲ. ಆಡುವಂತಿರಲಿಲ್ಲ. ನೀರಿನ ಕ್ಯಾನಿನ ಮೇಲೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಐದು ನಿಯಮಗಳಿದ್ದವು. ಮೊದಲ ನಾಲ್ಕು ಚಪ್ಪಲಿ, ಚಹಾ, ರಜೆ ಮತ್ತು ಫ್ಯಾನಿಗೆ ಸಂಬಂಧಿಸಿದವು. ಐದನೆಯದು: ‘ಈ ಕಚೇರಿಯವರು ಈ ಆಟವನ್ನು ಎಲ್ಲಿಯೂ, ಯಾರ ಹೆಸರಿನಲ್ಲಿಯೂ ಆಡತಕ್ಕದ್ದಲ್ಲ.’ ಕೆಳಗೆ ಮೂರು ಸಹಿ.

ಅದಕ್ಕೆ ಕಾರಣ ಪರಮಾನಂದ. ಹಿಂದಿನ ವರ್ಷ ಅವನೂ ಅಲ್ಲೇ ಕೆಲಸಕ್ಕಿದ್ದ. ದೀಪಾವಳಿಯ ಪಂದ್ಯದಲ್ಲಿ ಅತ್ತೆಯ ಹೆಸರಿನಿಂದ ಆಡಿ ಮೊದಲ ಬಹುಮಾನದ ಸೀರೆ ಗೆದ್ದುಬಿಟ್ಟ. ಮೋಸವೇನೂ ಮಾಡಿರಲಿಲ್ಲ, ಚೆನ್ನಾಗಿ ಆಡಿದ್ದನಷ್ಟೇ. ಮುಧೋಳದ ಹೆಂಗಸರು ಅದನ್ನು ಕೇಳಲಿಲ್ಲ. ಮೂರು ದಿನ ಫೋನು ಒಂದೇ ಸಮನೆ ಬಡಿದುಕೊಂಡಿತು. “ನಿಮ್ಮ ಮಂದೀನ ಒಗದು ನಿಮ್ಮ ಮಂದೀನ ಗೆದ್ರ ನಾವ್ಯಾಕ ಕುಂದ್ರೂಣ್ರಿ?” ಪರಮಾನಂದ ಸೀರೆ ವಾಪಸು ಕೊಟ್ಟ, ಕೆಲಸವನ್ನೂ ಬಿಡಬೇಕಾಯಿತು.

“ನೈವೇದ್ಯದ ಅಡಿಗಿ ಮಾಡಾವ್ರು ರುಚಿ ನೋಡ್ತಾರೇನು?” ಎಂದು ಕೌಸ್ತುಭ ಕೇಳುತ್ತಿದ್ದ. “ನಮ್ಮ ಅಲಕಾ ಮಾವಶಿ ಐವತ್ತು ವರ್ಷದಿಂದ ಮಡೀಲೆ ಅಡಿಗಿ ಮಾಡ್ಲಿಕತ್ಯಾಳ. ಒಂದು ದಿವಸ ನಾಲಿಗಿ ಮ್ಯಾಲೆ ಇಟ್ಟು ನೋಡಿಲ್ಲ. ಮೊದಲು ದೇವರಿಗೆ. ನಮಗ ಆಡಾವ್ರೇ ದೇವರು.”

“ಅದು ಖರೆ ಬಿಡ್ರಿ ಸರ,” ಎನ್ನುತ್ತಿದ್ದ ಜ್ಞಾನೇಶ್ವರ. “ಆದ್ರ ನಮ್ಮವ್ವ ಸೀರಿ ಮಗ್ಗದಿಂದ ಇಳಿಸಿದ ಕೂಡ್ಲೆ ಹೆಗಲಮ್ಯಾಲ ಹಾಕ್ಕೊಂಡು ಅಂಗಳದಾಗ ಒಂದ ಸುತ್ತ ಅಡ್ಡಾಡಿ ನೋಡ್ತಾಳ, ಸೆರಗು ಹೆಂಗ ಬೀಳತೈತಿ ಅಂತ. ಆಮ್ಯಾಲ ಸಾವಕಾರರ ಅಂಗಡಿಗೆ.”

“ಉಟ್ಟ ಸೀರಿ ಮಾರಿದಂಗಾತಲ್ಲೋ.”

“ಉಡಂಗಿಲ್ರಿ. ಹೆಗಲಮ್ಯಾಲ ಅಷ್ಟ.”

“ಹೆಗಲಮ್ಯಾಲ ಬಂದದ್ದು ಉಟ್ಟಂಗಲ್ಲೇನು?”

ವಾರಕ್ಕೊಮ್ಮೆ ಈ ವಾದ ನಡೆಯುತ್ತಿತ್ತು. ಯಾರೂ ಗೆಲ್ಲುತ್ತಿರಲಿಲ್ಲ, ಚಹಾ ಮಾತ್ರ ಆರುತ್ತಿತ್ತು. ರಾಧಿಕಾ ನಡುವೆ ಬಾಯಿ ಹಾಕಿದವಳಲ್ಲ. ಸಹಿ ಮಾಡಿ ಕೊಟ್ಟ ಮಾತು ಮಾತೇ ಎಂದು ನಂಬಿದ ಹುಡುಗಿ. ಅಲ್ಲದೆ ಅವಳಿಗೆ ಮಾತಾಡುವುದಕ್ಕಿಂತ ಕೇಳುವುದೇ ರೂಢಿ. ಚಿಮ್ಮಡದಲ್ಲಿ ಅವಳ ಅಜ್ಜ ಅಮಸಿದ್ದಪ್ಪ ಶ್ರಾವಣ ತಿಂಗಳಿಡೀ ಮಠದಲ್ಲಿ ಪುರಾಣ ಓದುತ್ತಿದ್ದ. ಅವಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಕಣ್ಣು ಮಂಜಾದ ಅಜ್ಜ ಒಂದು ಸಾಲು ಹಾರಿಸಿದರೆ, ಅರ್ಥ ತಿಳಿಯದ ವಯಸ್ಸಿನಲ್ಲೂ ಅವಳಿಗೆ ಗೊತ್ತಾಗುತ್ತಿತ್ತು. ಷಟ್ಪದಿ ನಡೆಯುತ್ತ ನಡೆಯುತ್ತ ಒಂದು ಹೆಜ್ಜೆ ಎಡವಿದಂತೆ ಕೇಳುತ್ತಿತ್ತು. ಮನೆಗೆ ಬಂದು ಹೇಳಿದರೆ ಅಜ್ಜ, “ಯಾರಿಗೂ ಹೇಳಬ್ಯಾಡ ಮತ್ತ,” ಎಂದು ಬೆಲ್ಲ ಕೊಡುತ್ತಿದ್ದ.

ಅಂಥ ಕಿವಿಗೆ ಹುಲೆಪ್ಪನ ಶೆಡ್ಡಿನ ಮೇಲೆ ಕೆಲಸ ಸಿಕ್ಕಿತ್ತು. ಕೆಳಗೆ ಇಪ್ಪತ್ನಾಲ್ಕು ಪಾವರ್‌ಲೂಮು. ಕರೆಂಟು ಇರುವಷ್ಟು ಹೊತ್ತೂ ನೆಲ, ಮೇಜು, ಮೇಜಿನ ಮೇಲಿನ ಲೋಟ ಎಲ್ಲವೂ ಖಟಖಟ ನಡುಗುತ್ತಿದ್ದವು. ಅವಳು ಕಿವಿ ತುಂಬ ಮುಚ್ಚುವ ಹೆಡ್‌ಫೋನು ಹಾಕಿಕೊಂಡು ದೂರು ಕೇಳುತ್ತಿದ್ದಳು. ಪರೀಕ್ಷೆಗೆಂದು ಮೇಜಿನ ಮೇಲಿಟ್ಟ ಫೋನುಗಳ ಸದ್ದನ್ನು ಮೊದಲ ದಿನವೇ ಬಂದ್ ಮಾಡಿಟ್ಟಿದ್ದರು. ಹಚ್ಚಿಟ್ಟಿದ್ದರೂ ಆ ಗದ್ದಲದಲ್ಲಿ ಕೇಳುತ್ತಿರಲಿಲ್ಲ.

ಶ್ರಾವಣ ಹಿಡಿಯುವ ಮುಂಚೆ ಒಂದು ಕರೆ ಬಂತು.

“ಯವ್ವಾ, ರೈಲಿನ್ಯಾಗ ಕುಂತಿ ಏನು?”

“ಇಲ್ರಿ ಆಯಿ, ಕೆಳಗ ಮಗ್ಗ ಅದಾವ್ರಿ. ಹೇಳ್ರಿ.”

“ನಾ ಗಲಗಲಿ ಸೋಮವ್ವ. ನನ್ನ ಚೌಕಾ ಎಲ್ಲಿಗೆ ಹೊಂಟಾವ?”

“ತಿಳೀಲಿಲ್ರಿ.”

“ಒಗದ್ರ ಚೌಕಾ ಅಂತೈತಿ. ಕಾಯಿ ನಡಸಾಕ ಹೋದ್ರ ಎರಡ ಮನಿ ಅಂತೈತಿ. ನಾಕ ಇದ್ದದ್ದು ಎರಡ ಹೆಂಗಾತು? ಉಳಿದ ಎರಡ ಯಾರ ಮನಿಗೆ ಹೋತು? ನನಗ ಗೊತ್ತೈತಿ. ಭಾಗವ್ವನ ಮೊಮ್ಮಗ ಕಂಪ್ಯೂಟರ್ ಕಲ್ಯಾಕತ್ತಾನ.”

ರಾಧಿಕಾ ಬರೆದುಕೊಂಡಳು. ಅರ್ಧ ತಾಸಿಗೆ ಬೀಳಗಿಯಿಂದ ಇನ್ನೊಂದು ಕರೆ. ಅದು ಭಾಗವ್ವ. “ತಂಗೀ, ನನ್ನ ಚೌಕಾ ಎಲ್ಲಾ ಸೋಮವ್ವನ ಕಡೆ ಹರಿಯಾಕತ್ತಾವ. ಆಕಿ ಮೊಮ್ಮಗಳು ಭಾಳ ಶಾಣ್ಯಾ ಅದಾಳ, ಏನೋ ಮಾಡ್ಯಾಳ. ನೀ ಒಂದೀಟ ನೋಡವ್ವಾ.”

ಇಬ್ಬರೂ ಒಂದು ಕಾಲಕ್ಕೆ ಗೋಡೆಗೆ ಗೋಡೆ ಹತ್ತಿದ ಮನೆಯವರು. ಸೋಮವ್ವನ ಮೂರು ಬಾಣಂತನಕ್ಕೂ ನಿಂತವಳು ಭಾಗವ್ವ. ಓಣಿ ಎದ್ದಮೇಲೆ ಒಬ್ಬಳು ಗಲಗಲಿಯಲ್ಲೇ ಉಳಿದಳು, ಇನ್ನೊಬ್ಬಳು ಬೀಳಗಿಯ ಕಡೆ ಹೋದಳು. ದಿನಾ ಮೂರು ಗಂಟೆಗೆ ಪಟದ ಮುಂದೆ ಕೂಡುತ್ತಿದ್ದರು. ಈಗಲೂ ಕೂಡುತ್ತಿದ್ದರು; ಮಾತು ಬಿಟ್ಟರೂ ಆಟ ಬಿಟ್ಟಿರಲಿಲ್ಲ.

ಜ್ಞಾನೇಶ್ವರ ಯಂತ್ರದಿಂದಲೇ ಒಂದು ಲಕ್ಷ ಸಲ ಕವಡೆ ಒಗೆಸಿ ನೋಡಿದ. ಲೆಕ್ಕ ಸರಿಯಾಗಿತ್ತು. ಯಾರ ಚೌಕಾವೂ ಎಲ್ಲಿಗೂ ಹೋಗುತ್ತಿರಲಿಲ್ಲ.

“ಆಣಿ ಮಾಡಿ ಹೇಳ್ತೇನಿ, ಒಂದ ಕವಡಿನೂ ತಪ್ಪಿಲ್ಲ,” ಎಂದ.

ಮೂರನೆಯ ಸಲ ಸೋಮವ್ವ ಕರೆದಾಗ ರಾಧಿಕಾ ಅದನ್ನೇ ಹೇಳಿದಳು. ಮುದುಕಿ ಕೇಳಿದಳು: “ಅವನ ಆಣಿ ಬ್ಯಾಡ, ನೀ ಹೇಳು. ಕವಡಿ ಸುಳ್ಳ ಹೇಳಂಗಿಲ್ಲ?”

“ಇಲ್ರಿ ಆಯಿ. ಬನಶಂಕರಿ ಆಣಿಗೂ ಇಲ್ರಿ.”

“ಆತು. ಹಂಗಾದ್ರ ಭಾಗವ್ವನ ಕಳ್ಳಿ,” ಎಂದು ಸೋಮವ್ವ ಫೋನು ಇಟ್ಟಳು.

ಅದೇ ಸಂಜೆ ಸೋಮವ್ವ ಮೊಮ್ಮಗಳ ಬಾಯಿಂದ ಆ ಮಾತನ್ನು ಬೀಳಗಿಗೂ ಮುಟ್ಟಿಸಿದಳು. ಮರುದಿನ ಭಾಗವ್ವ ಕರೆದಾಗ ದೂರು ಹೇಳಲಿಲ್ಲ. “ನಲವತ್ತ ವರ್ಷದಾಗ ಆಕಿ ನನಗ ಏನೇನೋ ಅಂದಾಳ. ಕಳ್ಳಿ ಅಂದಿರ್ಲಿಲ್ಲ. ನೀ ದೇವಿ ಮ್ಯಾಲ ಆಣಿ ಇಟ್ಟ ಹೇಳಿದೆಂತಲ್ಲ?” ಎಂದಷ್ಟೇ ಕೇಳಿದಳು.

“ನಾ ನಿಮ್ಮ ಹೆಸರ ತಗೊಂಡಿಲ್ರಿ ಅಮ್ಮಾ.”

“ತಗೊಳ್ಳಿಲ್ಲ. ಕವಡಿ ಖರೆ ಅಂದ್ರ ಕಳ್ಳಿ ನಾನ ಆಗಬೇಕಲ್ಲ.”

ಅಂದಿನಿಂದ ರಾಧಿಕಾಳಿಗೆ ಊಟ ಸೇರಲಿಲ್ಲ. ದೇವಿಯ ಹೆಸರು ಹಿಡಿದು, ತಾನು ಕಣ್ಣಾರೆ ಕಾಣದ, ಕೈಯಾರೆ ಆಡದ ಆಟಕ್ಕೆ ಸಾಕ್ಷಿ ನಿಂತಿದ್ದಳು. ಆ ಸಾಕ್ಷಿಯ ಮೇಲೆ ಒಬ್ಬ ಮುದುಕಿ ಕಳ್ಳಿಯಾಗಿದ್ದಳು. ದೂರಿನ ವಹಿ ತೆಗೆದು ಮತ್ತೆ ಓದಿದಳು. ಮುಧೋಳದಿಂದ, ಜಮಖಂಡಿಯಿಂದ ಬಂದ ದೂರುಗಳಲ್ಲೂ ಅದೇ ಮಾತು. ಒಬ್ಬರೂ ‘ಚೌಕಾ ತೋರಿಸಿತು’ ಎಂದಿರಲಿಲ್ಲ. ಎಲ್ಲರೂ ‘ಚೌಕಾ ಅಂತು’ ಎಂದೇ ಹೇಳಿದ್ದರು. ತೋರಿಸದೆ ಅನ್ನುವುದು ಹೇಗೆ?

“ಸರ, ನಾ ಒಂದ ಸಲ ಆಡಿ ನೋಡ್ಲೇನ್ರಿ?” ಎಂದು ಕೌಸ್ತುಭನನ್ನು ಕೇಳಿದಳು.

“ಪರಮಾನಂದನೂ ಒಂದ ಸಲ ಅಂತನೇ ಸುರು ಮಾಡಿದ್ದ.”

“ನಾ ಗೆಲ್ಲಂಗಿಲ್ರಿ. ನನಗ ಬರಂಗಿಲ್ಲ.”

“ಬರದಾವ್ರೇ ಮೊದಲ ಗೆಲ್ತಾರ. ರಾಧಿಕಾ, ನೀ ಸಹಿ ಮಾಡಿದ್ದು ಅದ. ಆಡಿದ್ರ ಮರುದಿವಸದಿಂದ ಬರೂದು ಬ್ಯಾಡ. ನಾಳೆ ಮುಧೋಳದಾವ್ರು ಕೇಳಿದ್ರ ನಾ ಯಾವ ಮಾರಿ ತೋರಿಸ್ಲಿ?”

ರವಿವಾರ ಅವಳು ಜಮಖಂಡಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಗಲಗಲಿಗೆ ಹೋದಳು. ಆಡಬಾರದೆಂದು ನಿಯಮವಿತ್ತು, ಆಡುವವರನ್ನು ನೋಡಬಾರದೆಂದು ಇರಲಿಲ್ಲ.

ಸೋಮವ್ವ ಹೊರಗಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಣಗಿದ ಮೈ, ದೊಡ್ಡ ಧ್ವನಿ.

“ನೀ ಫೋನಿನ ಹುಡುಗಿ? ಧ್ವನಿ ಕೇಳಿ ದಪ್ಪ ಇರ್ತಿ ಅಂದಕೊಂಡಿದ್ನಿ. ಉಂಡಿ?”

“ಉಂಡ ಬಂದೇನ್ರಿ.”

“ಸುಳ್ಳ. ಬಸ್ಸಿನ್ಯಾಗ ಯಾರ ಉಣ್ಣಾಕ ಕೊಟ್ರು? ಕುಂಡ್ರು.” ರೊಟ್ಟಿ, ಬದನೆಕಾಯಿ ಪಲ್ಯ ಬಂದವು. ಉಣ್ಣುವ ತನಕ ಸೋಮವ್ವ ಬೇರೆ ಮಾತೆತ್ತಲಿಲ್ಲ. ಕೈ ತೊಳೆದ ಮೇಲೆ ಫೋನು ತಂದು ಮುಂದಿಟ್ಟಳು. “ಒಗಿ. ನೀನ ನೋಡು.”

“ನಾವು ಆಡಂಗಿಲ್ರಿ ಆಯಿ. ಬರದ ಕೊಟ್ಟೇನಿ. ಆಡಿದ್ರ ಕೆಲಸ ಹೋಗತೈತಿ.”

ಸೋಮವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಇದೆಂಥಾದ್ದ ಬೇ? ನಾ ಈಗ ಪಲ್ಯ ಬಡಿಸಿದ್ನಿ. ನಾ ಉಣ್ಣಂಗಿಲ್ಲ, ನೀ ಉಣ್ಣು ಅಂದಿದ್ರ ನೀ ಉಣ್ತಿದ್ದೇನು?”

ರಾಧಿಕಾ ಫೋನನ್ನು ಮುದುಕಿಯ ಕಡೆಗೇ ಸರಿಸಿದಳು.

“ಫೋನಿನ್ಯಾಗ ಆಡಬ್ಯಾಡ ಅಂದಾರ. ನೆಲದ ಮ್ಯಾಲ ಬ್ಯಾಡ ಅಂದಿಲ್ಲಲ್ಲ?” ಎಂದು ಮುದುಕಿ ಸುಣ್ಣದ ಚೂರಿನಿಂದ ಬಂಡೆಯ ಮೇಲೆ ಪಟ ಬರೆದಳು. ಗೋಡೆಯ ಗೂಡಿನಿಂದ ಕವಡೆ ತೆಗೆದಳು. ಹಲ್ಲು ಸವೆದ ನಾಲ್ಕು ಹಳೆಯ ಕವಡೆ. ಕಾಯಿಗೆ ಅವಳಿಗೆ ಹುಣಸೆ ಬೀಜ, ಇವಳಿಗೆ ಬಳೆ ಚೂರು.

ಒಗೆತ ಸುರುವಾಯಿತು. ಒಂದು ಕವಡೆ ಬಾಯಿ ಮೇಲಾದರೆ ಒಂದು ಮನೆ, ಎರಡಾದರೆ ಎರಡು. ನಾಲ್ಕೂ ಬಾಯಿ ಮೇಲಾದರೆ ಚೌಕಾ, ನಾಲ್ಕೂ ಬೋರಲಾದರೆ ಬಾರಾ ಅಂದರೆ ಎಂಟು. ಚೌಕಾ, ಬಾರಾ ಬಿದ್ದವರಿಗೆ ಇನ್ನೊಮ್ಮೆ ಒಗೆಯುವ ಪಾಳಿ. ನಾಲ್ಕು ಸುತ್ತಿನಲ್ಲಿ ಸೋಮವ್ವ ಅವಳ ಎರಡು ಬಳೆ ಚೂರು ಕಡಿದಳು. ಐದನೆಯ ಸುತ್ತಿನಲ್ಲಿ ರಾಧಿಕಾ ಒಂದು ಸಂಗತಿ ಗಮನಿಸಿದಳು: ಮುದುಕಿ ಕವಡೆ ಒಗೆಯುತ್ತಾಳೆ, ನೋಡುವುದಿಲ್ಲ. ಕವಡೆ ಇನ್ನೂ ಉರುಳುತ್ತಿರುವಾಗಲೇ ಕೈ ಕಾಯಿಯ ಮೇಲೆ ಹೋಗಿರುತ್ತದೆ. ಕಣ್ಣು ಎದುರಿನವಳ ಕಾಯಿಯ ಮೇಲೆ.

“ನೋಡದ ಹೆಂಗ ನಡಸ್ತೀರಿ ಆಯಿ?”

“ಕವಡಿ ನೋಡೂದು ಹೊಸಬ್ರು. ನೋಡೂದೇನೈತಿ, ಹೇಳ್ತಾವಲ್ಲ.”

“ಏನ ಹೇಳ್ತಾವ್ರಿ?”

ಸೋಮವ್ವ ನಾಲ್ಕೂ ಕವಡೆಯನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಬಂಡೆಯ ಮೇಲೆ ಬಿಟ್ಟಳು. ಬೋರಲು ಬಿದ್ದದ್ದು ‘ಟಪ್’ ಎಂದು ಕೂತುಬಿಟ್ಟಿತು. ಬಾಯಿ ಮೇಲಾಗಿ ಬಿದ್ದದ್ದು ಉಬ್ಬಿದ ಬೆನ್ನ ಮೇಲೆ ತೊಟ್ಟಿಲಿನಂತೆ ತೂಗಿತು. ‘ಟಿಕಿಟಿಕಿಟಿಕಿ’ ಎಂದು ಸಣ್ಣಗಾಗುತ್ತ ನಿಂತಿತು. “ಬಾರಾ ಬಿದ್ರ ಮೂಕಿ. ಚೌಕಾ ಬಿದ್ರ ನಾಕೂ ಹಾಡ್ತಾವ. ಎರಡಕ್ಕ ಎರಡ ಹಾಡ್ತಾವ. ಇದನ್ನೂ ಕಲಿಸಬೇಕೇನು ಬೇ?”

ರಾಧಿಕಾ ಕಣ್ಣು ಮುಚ್ಚಿದಳು. ಮಠದ ಕಂಬಕ್ಕೆ ಒರಗಿದಾಗ ಕೂತಂತೆ ಕೂತಳು. ಮೊದಲು ಬರೀ ಸಪ್ಪಳ. ಹತ್ತು ಸಲ ಒಗೆದ ಮೇಲೆ ಸಪ್ಪಳಕ್ಕೆ ನಡೆ ಬಂತು. “ಮೂರು,” ಎಂದಳು. ಕಣ್ಣು ತೆರೆದರೆ ಮೂರು. “ಒಂದು.” ಒಂದು.

“ತಲಿ ಐತಿ ನಿನಗ,” ಎಂದಳು ಸೋಮವ್ವ.

ಅಷ್ಟರಲ್ಲಿ ಮೂರು ಗಂಟೆಯಾಯಿತು. ಫೋನಿನಲ್ಲಿ ಪಟ ತೆರೆಯಿತು. ಬೀಳಗಿಯಿಂದ ಭಾಗವ್ವ, ಇನ್ನೆಲ್ಲಿಂದಲೋ ಇನ್ನಿಬ್ಬರು. ಸೋಮವ್ವ ಮೊದಲ ಒಗೆತ ಒತ್ತಿದಳು. ರಾಧಿಕಾ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿ ದೂರ ಕೂತಿದ್ದಳು. ಆ ಸುಮ್ಮನಿದ್ದ ಪಡಸಾಲೆಯಲ್ಲಿ ಆಟದ ಸದ್ದನ್ನು ಅವಳು ಮೊದಲ ಬಾರಿ ಕೇಳಿದಳು. ನಾಲ್ಕೂ ಹಾಡಿದವು. ಚೌಕಾ. ಪರದೆಯಲ್ಲಿ ಎರಡು ಬಂತು.

“ಕೇಳಿದೇನು?” ಎಂದಳು ಸೋಮವ್ವ.

ಅಷ್ಟರಲ್ಲಿ ಹಿತ್ತಲಿನಲ್ಲಿ ಎಮ್ಮೆ ಗೂಟ ಕಿತ್ತಿತು. ಮುದುಕಿ “ಇದಕ್ಕ ಈಗ ಬಂತು,” ಎನ್ನುತ್ತ ಎದ್ದು ಓಡಿದಳು. ಪಾಳಿ ಸುತ್ತಿ ಸೋಮವ್ವನ ಹೆಸರಿಗೆ ಬಂದು ನಿಂತಿತು. ಪಾಳಿಗೆ ಇಪ್ಪತ್ತು ಎಣಿಕೆ. ಒಗೆಯದಿದ್ದರೆ ಪಾಳಿ ಹೋಗುತ್ತದೆ. ಹಿತ್ತಲಿನಿಂದ ಧ್ವನಿ ಬಂತು: “ಪಾಳಿ ಬಿಡಬ್ಯಾಡ, ಒತ್ತ.”

ರಾಧಿಕಾ ಬೆರಳು ಮುಂದೆ ತಂದಳು, ಹಿಂದೆ ಎಳೆದಳು. ಎಣಿಕೆ ಐದಕ್ಕೆ ಬಂದಾಗ ‘ತಾಯಿ, ಇದು ನಿನ್ನ ಮ್ಯಾಲ’ ಎಂದು ಮನಸ್ಸಿನಲ್ಲೇ ಅಂದು ಒತ್ತಿದಳು. ಚೌಕಾ ಹಾಡಿತು, ಒಂದು ಬಿತ್ತು. ಮತ್ತೆ ಪಾಳಿ ಬಂತು. ಚೌಕಾ ಹಾಡಿತು, ಮೂರು ಬಿತ್ತು. ಬಾರಾ ಬಿದ್ದಾಗಲೂ, ಮೂಕಿಯಾಗಿರಬೇಕಾದ ಬಾರಾ ಕೂಡ, ಚೌಕಾ ಎಂದೇ ಹಾಡಿತು. ಎಮ್ಮೆ ಮೂರು ಮನೆ ದಾಟಿ ಹೋಗಿತ್ತು. ಸೋಮವ್ವ ತಿರುಗಿ ಬರುವ ಹೊತ್ತಿಗೆ ರಾಧಿಕಾ ಹನ್ನೊಂದು ಸಲ ಒಗೆದಿದ್ದಳು. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅದು ಯಾವಾಗ ಸಿಕ್ಕಿಸಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ.

ಸೋಮವಾರ ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂರಲಿಲ್ಲ.

“ಸರ, ನಾ ಆಡೇನ್ರಿ.”

ಕೌಸ್ತುಭ ಚಹಾದ ಲೋಟ ಕೆಳಗಿಟ್ಟ. “ಎಷ್ಟು?”

“ಹನ್ನೊಂದ ಸಲ ಒಗದ್ನಿ. ಭಾಗವ್ವಾರವು ಎರಡ ಕಾಯಿ ಕಡದ್ನಿ.”

“ಎರಡು,” ಎಂದ ಜ್ಞಾನೇಶ್ವರ, ಗೌರವದಿಂದ.

“ನೀ ಸುಮ್ಮನಿರು. ರಾಧಿಕಾ, ನಾ ಏನ ಹೇಳಿದ್ದೆ?”

“ಮನಿಗೆ ಕಳಸ್ರಿ ಸರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ಇದನ್ನ ಕೇಳ್ರಿ.” ಅವಳು ಕವಡೆಯ ಮಾತನ್ನೆಲ್ಲ ಹೇಳಿದಳು. ತೂಗುವುದು, ಹಾಡುವುದು, ಮೂಕಿಯಾಗುವುದು. ಜ್ಞಾನೇಶ್ವರ ನಡುವೆಯೇ ಹಣೆ ಮುಟ್ಟಿಕೊಂಡ.

“ಆ ಸದ್ದ ನಾನ ಹಿಡದದ್ದು,” ಎಂದ. “ಎರಡ ತಿಂಗಳ ಹಿಂದ ಅಮಾಸಿ ದಿವಸ ಮಗ್ಗ ಬಂದ್ ಇದ್ದುವು, ನಮ್ಮ ಪಡಸಾಲಿ ಕಲ್ಲಿನ ಮ್ಯಾಲ ಒಗದ್ನಿ. ಮೊದಲ ಒಗತಕ್ಕ ಚೌಕಾ ಬಿತ್ತು. ಶುಭ ಆತು ಅಂತ ಅದನ್ನ ಎಲ್ಲಾದಕ್ಕೂ ಇಟ್ನಿ.”

ಕೌಸ್ತುಭ ಹೆಡ್‌ಫೋನು ಹಾಕಿಕೊಂಡು ಐದು ಸಲ ಕೇಳಿದ. “ಕವಡಿ ಬಿದ್ದಂಗೇ ಕೇಳಸ್ತದ. ಸದ್ದಿನ್ಯಾಗ ಅಂಕಿ ಎಲ್ಲಿ ಅದ? ಇದು ಮುದುಕ್ಯಾರ ಭ್ರಮಾ.” ಅವನ ಮನೆಯಲ್ಲಿ ಕವಡೆ ಹೆಂಗಸರ ಕೈಯಲ್ಲಿರುತ್ತಿತ್ತು, ಗಂಡಸರು ಬಾಗಿಲಲ್ಲಿ ನಿಂತು ‘ಅಡಿಗಿ ಆತೇನು’ ಎಂದು ಕೇಳಿ ಹೋಗುತ್ತಿದ್ದರು. ಅವನೂ ಆ ಬಾಗಿಲಿನಿಂದ ನೋಡಿಯೇ ಈ ಆಟ ಮಾಡಿಸಿದ್ದ.

“ಕೆಳಗ ಅನ್ನವ್ವಾರನ್ನ ಕೇಳೂಣ್ರಿ,” ಎಂದಳು ರಾಧಿಕಾ.

ಅನ್ನವ್ವ ಹುಲೆಪ್ಪನ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ಹೆಂಗಸರಿಗೆಲ್ಲ ಹಿರಿಯಳು. ವಿಷಯ ಕೇಳಿ, ಬಾಯಿಯ ಎಲೆ ಒಂದು ದವಡೆಗೆ ಸರಿಸಿ, “ಹೇಳ್ತೇನಿ. ಆದ್ರ ಈ ಗದ್ದಲದಾಗ ನನ್ನ ಗಂಡ ಕರದ್ರೂ ಕೇಳಂಗಿಲ್ಲ. ಹನ್ನೊಂದಕ್ಕ ಕರೆಂಟ್ ಹೋಗತೈತಿ, ಆವಾಗ ಬರ್ರಿ,” ಎಂದಳು.

ಆ ವರ್ಷವಿಡೀ ಹನ್ನೊಂದಕ್ಕೆ ತಪ್ಪದೆ ಹೋಗುತ್ತಿದ್ದ ಕರೆಂಟು ಆ ದಿನ ಹೋಗಲಿಲ್ಲ. ಹನ್ನೊಂದೂಕಾಲಾಯಿತು, ಹನ್ನೊಂದೂವರೆಯಾಯಿತು. ಹೆಂಗಸರು ಕಂಡಿಕೆ ಬಿಟ್ಟು ಗುಂಪಾಗಿ ನಿಂತರು. ನೇಕಾರರೂ ಕತ್ತು ಚಾಚಿದರು. ಹುಲೆಪ್ಪ ಬಂದು, “ಏನ ನಡಸೀರಿ ಇಲ್ಲಿ?” ಎಂದ.

“ಕರೆಂಟ್ ಹೋಗೂದ ಕಾಯಾಕತ್ತೇವ್ರಿ ಮಾವಾ,” ಎಂದ ಜ್ಞಾನೇಶ್ವರ.

“ಹೋಗಲಿ ಅಂತ? ನನ್ನ ಶೆಡ್ಡಿನ್ಯಾಗ ನಿಂತು?”

ಅನ್ನವ್ವ ಅವನಿಗೆ ಎಲ್ಲ ಹೇಳಿದಳು. ಹುಲೆಪ್ಪನ ತಾಯಿಯೂ ಕಟ್ಟೆಯ ಆಟಗಾರ್ತಿಯೇ. ಅವನು ಕೌಸ್ತುಭನ ಕಡೆ ತಿರುಗಿ, “ಸದ್ದಿನ ಮ್ಯಾಲ ತಿಳಿಯಂಗಿಲ್ಲ ಅಂತಿರೇನು ನೀವು? ನಮ್ಮವ್ವ ಒಳಗ ರೊಟ್ಟಿ ಬಡಕೋತ ಹೊರಗ ಯಾರಿಗೆ ಏನ ಬಿತ್ತು ಹೇಳ್ತಿದ್ಲು,” ಎಂದವನೇ ಹೋಗಿ ಮೇನ್ ಸ್ವಿಚ್ಚು ಎಳೆದ. ಇಪ್ಪತ್ನಾಲ್ಕು ಮಗ್ಗ ಒಮ್ಮೆಗೇ ನಿಂತವು. ಲಾಳಿಗಳು ಹೋದಲ್ಲೇ ಸುಮ್ಮನಾದವು. ಹೊರಗೆ ಗುಬ್ಬಿ ಕೂಗುವುದು ಕೇಳಿತು.

ಒಂದು ಸೀರೆಯನ್ನು ಅಡ್ಡ ಹಿಡಿದರು. ಹಿಂದೆ ರಾಧಿಕಾ ಕಲ್ಲಿನ ಮೇಲೆ ನಿಜವಾದ ಕವಡೆ ಒಗೆದಳು. ಈಚೆಯಿಂದ ಅನ್ನವ್ವ: “ಎರಡು.” ಕೌಸ್ತುಭ ಬಗ್ಗಿ ನೋಡಿದ, ಎರಡು. “ಮೂರು.” ಮೂರು. “ಬಾರಾ ಬಿತ್ತು, ನೋಡ್ರಿ ಮೂಕಿ.” ಇಪ್ಪತ್ತರಲ್ಲಿ ಹದಿನೇಳು ಸರಿಬಂದವು. ತಪ್ಪಿದ ಮೂರಕ್ಕೆ ಅನ್ನವ್ವ, ಕಲ್ಲು ಒಡೆದಿದೆ ಎಂದಳು.

ಆಮೇಲೆ ಫೋನಿನ ಸದ್ದು ಪೂರ್ತಿ ಏರಿಸಿ ರಾಧಿಕಾ ಒತ್ತಿದಳು.

“ಚೌಕಾ,” ಎಂದಳು ಅನ್ನವ್ವ. ಪರದೆಯಲ್ಲಿ ಒಂದು.

“ಚೌಕಾ.” ಬಾರಾ.

“ಚೌಕಾ,” ಈಗ ಎಲ್ಲ ಹೆಂಗಸರೂ ಕೂಡಿ ಅಂದರು. ಎರಡು. ಮುಂದಿನ ಸಲ ನೇಕಾರರೂ ಸೇರಿದರು. ಎಂಟನೆಯ ಒಗೆತಕ್ಕೆ ಶೆಡ್ಡಿಗೆ ಶೆಡ್ಡೇ ಚೌಕಾ ಎಂದಿತು, ಪರದೆ ಮೂರು ಎಂದಿತು. ನಗೆ ನಿಲ್ಲಲು ಹೊತ್ತಾಯಿತು.

“ಎಷ್ಟ ದಿವಸದಿಂದ ಹಿಂಗೈತ್ರಿ?” ಎಂದು ಅನ್ನವ್ವ ಕೇಳಿದಳು.

“ಎರಡ ತಿಂಗಳಾತು,” ಎಂದ ಕೌಸ್ತುಭ. ಅವನ ಮುಖ ಕೆಂಪಾಗಿತ್ತು.

“ಒಬ್ರೂ ಒಂದಿನಾ ಆಡಿ ನೋಡಿಲ್ರಿ?”

 ಮಗ್ಗ ಮತ್ತೆ ಸುರುವಾದವು. ಕೌಸ್ತುಭ ಮೇಲೆ ಬಂದು ಗೋಡೆಯ ಹಾಳೆಯ ಮುಂದೆ ನಿಂತ. “ಅಲಕಾ ಮಾವಶಿ ಸಾರಿಗೆ ವಾರದಾಗ ಎರಡ ಸಲ ಉಪ್ಪು ಮರೀತಾಳ,” ಎಂದ, ಯಾರ ಕಡೆಯೂ ನೋಡದೆ. “ಮನ್ಯಾಗ ಯಾರೂ ಹೇಳಂಗಿಲ್ಲ. ದೇವರೂ ಹೇಳಿಲ್ಲ.” ಆಮೇಲೆ ಪೆನ್ನು ತೆಗೆದು ಐದನೆಯ ನಿಯಮದಲ್ಲಿ ‘ಎಲ್ಲಿಯೂ’ ಎಂಬಲ್ಲಿಂದ ಮುಂದಿನದನ್ನು ಹೊಡೆದುಹಾಕಿ ಬರೆದ: ‘ದಿನಕ್ಕೊಂದು ಆಟ, ಸದ್ದು ಹಚ್ಚಿಕೊಂಡು, ಮನೆಯಲ್ಲಿ, ಆಡತಕ್ಕದ್ದು. ಪಂದ್ಯಕ್ಕೆ ಇಳಿಯತಕ್ಕದ್ದಲ್ಲ. ಹೆಸರು ಮುಚ್ಚತಕ್ಕದ್ದಲ್ಲ.’

“ಕಚೇರಿಯವರು ಅಂತ ಹೆಸರಿನ ಮುಂದ ಬರೀಬೇಕು,” ಎಂದ. “ಎದುರಿನಾವ್ರಿಗೆ ಗೊತ್ತಿರ್ಲಿ.”

“ಗೊತ್ತಾದ್ರ ನಮ್ಮ ಕಾಯೀನ ಹುಡಕಿ ಹುಡಕಿ ಕಡೀತಾರ್ರಿ ಸರ,” ಎಂದ ಜ್ಞಾನೇಶ್ವರ.

“ಕಡೀಲಿ.”

“ಸರ, ನಾ ನಾಳೆ ಬರ್ಲೇನ್ರಿ?” ಎಂದು ರಾಧಿಕಾ ಕೇಳಿದಳು.

“ನಾಳೆ ಯಾಕ, ಈಗೇ ಫೋನ್ ಹಚ್ಚು. ಇದನ್ನ ಎಲ್ಲಾರಿಗೂ ಹೇಳಬೇಕಲ್ಲ. ಪರಮಾನಂದಗ ನಾ ಹಚ್ತೀನಿ.”

ಅವಳು ಮೊದಲು ಗಲಗಲಿಗೆ ಹಚ್ಚಿದಳು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅಂಕಿ ಖರೆ ಇದ್ದವು, ಸದ್ದು ಸುಳ್ಳಿತ್ತು. ಯಾರ ಚೌಕಾವೂ ಯಾರ ಮನೆಗೂ ಹೋಗಿರಲಿಲ್ಲ. ಜ್ಞಾನೇಶ್ವರ ಈಗ ಐದು ಬಗೆಯ ಒಗೆತಕ್ಕೆ ಐದು ಸದ್ದು ಹಿಡಿಯುತ್ತಿದ್ದಾನೆ.

“ನಾ ದೇವಿ ಆಣಿ ಹಾಕಿದ್ದು ತಪ್ಪಾತ್ರಿ ಆಯಿ.”



“ನೀ ಆಣಿ ಹಾಕಿದ ದಿವಸನ ನನಗ ಸಂಶೆ ಬಂದಿತ್ತು,” ಎಂದಳು ಸೋಮವ್ವ. “ಗೊತ್ತಿದ್ದಾವ್ರು ಆಣಿ ಹಾಕೂವಾಗ ಸಾವಕಾಶ ಹಾಕ್ತಾರ. ನೀ ಭಾಳ ಲಗೂ ಹಾಕಿದಿ. ಆದ್ರ ನನಗೂ ಆಕಿ ಮ್ಯಾಲ ಸಿಟ್ಟ ಮಾಡ್ಕೊಬೇಕಾಗಿತ್ತು. ನನ್ನ ಬಿಟ್ಟ ಬೀಳಗಿಗೆ ಹೋಗಿ ಕುಂತಾಳಲ್ಲ.”

“ಪ್ಲಾಟ್ ಅಲ್ಲಿ ಕೊಟ್ರಲ್ರಿ.”

“ಗೊತ್ತೈತಿ ಬೇ, ಪ್ಲಾಟ್ ಸರ್ಕಾರ ಕೊಟ್ಟದ್ದು. ಸರ್ಕಾರದ ಮ್ಯಾಲ ಸಿಟ್ಟ ಮಾಡಿದ್ರ ಯಾರ ಕೇಳ್ತಾರ?” ಮುದುಕಿ ಮೂಗೆಳೆದಳು. “ಭಾಗವ್ವಗ ಹೇಳಿದೇನು?”

“ಇಲ್ರಿ. ಈಗ ಹಚ್ಚಾಕ ಹೊಂಟಿದ್ನಿ.”

“ನೀ ಹಚ್ಚಬ್ಯಾಡ. ನೀ ಆಕಿ ಎರಡ ಕಾಯಿ ಕಡದಿ, ನಿನ್ನ ಮಾತ ಆಕಿ ನಂಬಂಗಿಲ್ಲ. ನಾನ ಹೇಳ್ತೇನಿ. ಕಳ್ಳಿ ಅಂದಾಕಿ ನಾನು, ಅಲ್ಲಂತ ನಾನ ಹೇಳ್ಬೇಕು.” ಫೋನು ಇಡುವ ಮುಂಚೆ ಮತ್ತೆ ಅಂದಳು: “ಇನ್ನಮ್ಯಾಲ ಆಡಲಾರದ ಆಟದ ಮ್ಯಾಲ ಆಣಿ ಹಾಕಬ್ಯಾಡ.”

ರಾಧಿಕಾ ಒಂದು ತಾಸು ಬಿಟ್ಟು, ತನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಲು ಭಾಗವ್ವನಿಗೆ ಹಚ್ಚಿದಳು. ಫೋನು ಬೇರೆ ಕರೆಯಲ್ಲಿತ್ತು. ಎರಡು ಗಂಟೆಗೆ ಹಚ್ಚಿದಳು, ಆಗಲೂ ಬೇರೆ ಕರೆಯಲ್ಲಿತ್ತು. ಸೋಮವ್ವನದೂ ಹಾಗೆಯೇ. ಮೂರು ಗಂಟೆಗೆ ಪಟ ತೆರೆಯುವ ಹೊತ್ತಾಯಿತು. ಗಲಗಲಿಯಿಂದಲೂ ಬೀಳಗಿಯಿಂದಲೂ ಯಾರೂ ಆಡಲು ಬರಲಿಲ್ಲ.